ಮೂರು ಹಗಲಿನ ಹಾದಿ

ಜೈಲು ಎಷ್ಟು ದೂರ ಎಂದು ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಮನೆಯ ಒಳಗಿನ ಮಾತು ಕೇಳಿದ ಹಾಗೆ. ಊರಿನ ಬಡಗಣಕ್ಕೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳು ಮುಗಿದ ಮೇಲೆ ಒಂದು ಬಿಳಿ ಮಣ್ಣಿನ ಹಾದಿ ಹೊರಡುತ್ತದೆ, ಅದರ ಕೊನೆಗೆ ಜೈಲು. ಕೆಲವರಿಗೆ ಅದು ಕೂಗಳತೆ, ಕೆಲವರಿಗೆ ಒಂದು ದಿನದ ನಡಿಗೆ. ನಮ್ಮವ್ವ ಒಲೆಯ ಮೇಲೆ ಬೇಳೆ ಇಟ್ಟು ಹೋಗಿ, ಒಳಗಿದ್ದ ಮಗನನ್ನು ಮಾತಾಡಿಸಿಕೊಂಡು ಬರುವಷ್ಟರಲ್ಲಿ ಬೇಳೆ ಬೆಂದಿರುತ್ತಿತ್ತು. ಪಹರೆಯವರಿಗೆ, ಗುಮಾಸ್ತರಿಗೆ, ವಕೀಲರಿಗೆ, ಒಟ್ಟಿನಲ್ಲಿ ಸಂಬಳಕ್ಕೆ ಹೋಗುವವರಿಗೆಲ್ಲ ಮಳೆಯಿರಲಿ ಬಿಸಿಲಿರಲಿ ಅರ್ಧ ತಾಸಿನ ಹಾದಿ.

ಒಮ್ಮೆ ಊರಿನ ಹಿರಿಯರು ಓಡಾಡಿ ಬಸ್ಸು ಬಿಡಿಸಿದ್ದರು. ಮೊದಲ ದಿನ ಇಪ್ಪತ್ತು ಮಂದಿ ಹತ್ತಿದರು. ಒಬ್ಬ ಗೌಂಡಿ ಮುದುಕ ಎರಡು ಬೀಡಿ ಸೇದುವಷ್ಟರಲ್ಲಿ ಜೈಲಿನ ಬಾಗಿಲಿಗೆ ಇಳಿದ. ಮಿಕ್ಕವರನ್ನು ಹೊತ್ತ ಬಸ್ಸು ಮಧ್ಯಾಹ್ನದವರೆಗೆ ಓಡಿ ಡೀಸೆಲ್ ತೀರಿ ನಿಂತಿತು. ಮರುದಿನದಿಂದ ಎಲ್ಲರೂ ನಡೆದೇ ಹೋದರು. ಹಾದಿ ಉದ್ದವಿದ್ದವರು ಅಲ್ಲಲ್ಲಿ ಒಡೆದ ಫರ್ಸಿಗಳನ್ನು ಜೋಡಿಸಿ ನೆರಳು ಮಾಡಿದರು, ನೀರಿನ ಹರವಿ ಇಟ್ಟರು. ಹಾದಿಯ ಬಾಯಲ್ಲಿ ಚಹಾದಂಗಡಿ ಇಟ್ಟುಕೊಂಡಿರುವ ಹುಸೇನಬಿ ಬಂದವರ ಮುಖ ನೋಡಿ, ನಿನಗೆ ನಾಲ್ಕು ರೊಟ್ಟಿ ಸಾಕು, ನಿನಗೆ ಹನ್ನೆರಡು ಬೇಕು ಎಂದು ಹೇಳುತ್ತಾಳೆ. ಅವಳ ಲೆಕ್ಕ ತಪ್ಪಿದ್ದು ನಾನು ಕೇಳಿಲ್ಲ. ಇಬ್ಬರು ಕೂಡಿ ಹೊರಟರೆ ಮುಂದೆ ನಡೆಯುವವರದೇ ಹಾದಿ. ಆ ಹಾದಿಗೆ ಒಂದು ಕೆಟ್ಟ ಗುಣವೂ ಇದೆ. ಎಷ್ಟೇ ದಿನ ನಡೆದಿರಿ, ತಿರುಗಿ ನಿಂತರೆ ಊರು ಅರ್ಧ ತಾಸಿನಲ್ಲೇ ಇರುತ್ತದೆ.

ಒಳಗಿದ್ದವನು ನನ್ನ ತಮ್ಮ ದುಂಡಪ್ಪ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಖಣಿಯಲ್ಲಿ ಬಂಡೆ ಸಿಡಿಸಲು ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚುವ ಕೆಲಸ ಅವನದು. ಹಚ್ಚುವ ಮೊದಲು ಕೆಳಗಿದ್ದವರೆಲ್ಲ ಮೇಲೆ ಬಂದರೋ ಇಲ್ಲವೋ ಎಣಿಸಬೇಕು, ಸೀಟಿ ಊದಬೇಕು. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೆಳಗೆ ಮೂವರು ಇದ್ದಾಗಲೇ ಅವನು ಬತ್ತಿ ಹಚ್ಚಿದ. ಆ ಮೂವರಲ್ಲಿ ನನ್ನ ಗಂಡ ಶಂಕ್ರೆಪ್ಪ ಒಬ್ಬರು. ನ್ಯಾಯಾಧೀಶರು ಎಷ್ಟು ಕೇಳಿದರೂ ದುಂಡಪ್ಪ, ತಪ್ಪು ನಂದು ಅಂದನೇ ಹೊರತು ಬೇರೆ ಮಾತಾಡಲಿಲ್ಲ. ಹದಿನಾಲ್ಕು ವರ್ಷ ಹಾಕಿದರು.

ನಾನು ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುವವಳು. ಹೆಸರು ಕಾಶವ್ವ. ಗಂಡ ಹೋದ ಮೊದಲ ವರ್ಷವೇ ನಾನು ಆ ಹಾದಿ ಹಿಡಿದಿದ್ದೆ. ದುಂಡಪ್ಪನ ಎದುರು ನಿಂತು ಯಾಕೆ ಹಚ್ಚಿದೆ ಎಂದು ಕೇಳಬೇಕು, ಕೇಳಿ ಮುಖಕ್ಕೆ ಉಗುಳಿ ಬರಬೇಕು ಎಂದು. ಹುಸೇನಬಿ ನನ್ನ ಮುಖ ನೋಡಿ ಏನೂ ಹೇಳದೆ ತನ್ನ ಮನೆಯ ರೊಟ್ಟಿಯನ್ನೆಲ್ಲ ಕಟ್ಟಿ ಕೊಟ್ಟಳು. ಎರಡು ದಿನ ನಡೆದೆ. ಜೈಲಿನ ಗೋಡೆ ಕಣ್ಣಿಗೂ ಬೀಳಲಿಲ್ಲ. ರೊಟ್ಟಿ ಮುಗಿಯಿತು, ತಿರುಗಿದೆ, ಅರ್ಧ ತಾಸಿಗೆ ಮನೆಯಲ್ಲಿದ್ದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ತಮ್ಮ ಒಳಗೆ ಹೋದ ಮೇಲೆ ಅವ್ವ ನನ್ನ ಮನೆಗೆ ಬಂದಿದ್ದಳು, ಸೋಮವಾರಕ್ಕೊಮ್ಮೆ ಜೈಲಿಗೆ ಹೋಗಿ ಬರುತ್ತಿದ್ದಳು. ಹೋಗುವಾಗ ಹೇಳುತ್ತಿರಲಿಲ್ಲ, ಬಂದು ಏನೂ ಅನ್ನುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಅವಳ ಮಗನ ಸುದ್ದಿಯನ್ನು ನಾವಿಬ್ಬರೂ ಆರು ವರ್ಷ ಬಾಯಿಗೆ ತರಲಿಲ್ಲ.

ಎರಡು ವರ್ಷದ ಹಿಂದೆ ಅವ್ವ ಹಾಸಿಗೆ ಹಿಡಿದಳು. ಕಾಲು ಬಾತು ನೀರು ತುಂಬಿತು, ಉಸಿರು ಮೇಲೆ ಮೇಲೆ ಓಡುತ್ತಿತ್ತು. ಡಾಕ್ಟರು ನೋಡಿ, ಒಂದು ವಾರ ಹಿಡಿದರೆ ಹೆಚ್ಚು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಹೊರಗೆ ಹೇಳಿದ್ದು ಒಳಗೆ ಕೇಳಿಸಿತ್ತೋ ಏನೋ, ನಾನು ಬಂದು ಕುಳಿತಾಗ ಅವ್ವ ಕಣ್ಣು ಬಿಟ್ಟುಕೊಂಡೇ ಇದ್ದಳು.

“ಯವ್ವಾ ಕಾಶೀ, ಅವನ್ನ ಒಮ್ಮೆ ಕರಕೊಂಡ ಬಾ,” ಅಂದಳು. “ನಾ ಆರು ವರ್ಷ ನಿನಗ ಏನೂ ಕೇಳಿಲ್ಲ.”

ಅದು ಖರೆ. ಏನೂ ಕೇಳಿರಲಿಲ್ಲ. ತಾಯಿಯೋ ತಂದೆಯೋ ಸಾಯುವ ಹೊತ್ತಿಗೆ ಕೈದಿಯನ್ನು ಐದು ದಿನ ಹೊರಗೆ ಬಿಡುತ್ತಾರೆ. ಆದರೆ ಒಡಹುಟ್ಟಿದವರೋ ಹೆತ್ತವರೋ ಸ್ವಂತ ಕಾಲಿನ ಮೇಲೆ ಹೋಗಿ, ಸಹಿ ಮಾಡಿ, ಕರೆದುಕೊಂಡು ಬರಬೇಕು. ಮತ್ತೆ ತಾವೇ ಮುಂದೆ ನಡೆದು ಮುಟ್ಟಿಸಬೇಕು. ನಾನಲ್ಲದೆ ಯಾರೂ ಇರಲಿಲ್ಲ. ನನ್ನ ಕಾಲಿಗೆ ಅದು ಎಷ್ಟು ದಿನದ ಹಾದಿಯೋ ನನಗೇ ಗೊತ್ತಿಲ್ಲವೆಂದೆ. ಅವ್ವ ಗೋಡೆಯ ಕಡೆ ಮಗ್ಗುಲಾದಳು. ನಾನು ಎದ್ದು ಹಿಟ್ಟು ನಾದಿದೆ.

ಅವ್ವನನ್ನು ನೆರೆಮನೆಯ ಪಾರವ್ವನಿಗೆ ಒಪ್ಪಿಸಿ ಬೆಳಿಗ್ಗೆ ಹೊರಟೆ. ಹುಸೇನಬಿ ನನ್ನ ಗಂಟನ್ನು ಎತ್ತಿ ನೋಡಿ, ಇದು ಸಾಲದು ಎಂದು ಇನ್ನೂ ಆರು ರೊಟ್ಟಿ, ಒಂದು ಉಂಡೆ ಬೆಲ್ಲ ಹಾಕಿದಳು. ಸಿಟ್ಟು ಕಡಿಮೆಯಾದರೆ ಹಾದಿ ಕಡಿಮೆಯಾಗುತ್ತದೆ ಎಂದು ಜನ ಹೇಳುತ್ತಾರಲ್ಲ, ಖರೆಯೇನು ಎಂದು ಕೇಳಿದೆ. ಅವಳು ಚಹಾ ಸೋಸುತ್ತಲೇ, ನನಗೆ ಗೊತ್ತಿಲ್ಲ ತಂಗಿ, ಕಡಿಮೆಯಾಗಲಿ ಎಂದು ಕಾಯುತ್ತ ಕುಳಿತವರು ಮುಟ್ಟಿದ್ದು ಮಾತ್ರ ನಾನು ನೋಡಿಲ್ಲ ಎಂದಳು.

ಮೊದಲ ದಿನ ಕಷ್ಟವಾಗಲಿಲ್ಲ. ಎರಡನೆಯ ದಿನ ಹೊತ್ತೇರಿದ ಮೇಲೆ ಬೆನ್ನ ಹಿಂದೆ ನಮ್ಮ ಶೆಡ್ಡಿನ ಮಷಿನ್ನಿನ ಸಪ್ಪಳ ಕೇಳತೊಡಗಿತು. ಒಂದೂವರೆ ದಿನ ನಡೆದಿದ್ದೇನೆ, ನನ್ನ ಮಷಿನ್ನು ಅಲ್ಲೇ ಹಿತ್ತಲಲ್ಲಿ ಗುರ್ ಎನ್ನುತ್ತಿದೆ. ಶಾಲೆಯ ಗಂಟೆ ಹೊಡೆಯಿತು. ಯಾರೋ ನಾಯಿಗೆ ಬೈದರು. ತಿರುಗಿದರೆ ಅರ್ಧ ತಾಸು, ಅವ್ವ ಇದ್ದಾಳೋ ಇಲ್ಲವೋ ನೋಡಿಬಿಡಬಹುದು. ಅವಳು ಹೋಗಿಯೇ ಬಿಟ್ಟಿದ್ದರೆ ಈ ನಡಿಗೆ ಯಾರಿಗಾಗಿ? ಹಾಗೆಂದು ಯೋಚನೆ ಬಂದಾಗೆಲ್ಲ ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡು ಮುಂದೆ ಹೆಜ್ಜೆ ಹಾಕಿದೆ. ದುಂಡಪ್ಪನ ಮೇಲೆ ಮರುಕ ತಂದುಕೊಳ್ಳಲಿಕ್ಕೂ ನೋಡಿದೆ. ಚಿಕ್ಕವನಿದ್ದಾಗ ಅವನನ್ನು ಬಗಲಲ್ಲಿ ಹೊತ್ತು ತಿರುಗಿದ್ದು, ನನ್ನ ಮದುವೆಯಲ್ಲಿ ಅವನು ಅತ್ತದ್ದು, ಎಲ್ಲ ನೆನಪಿಸಿಕೊಂಡೆ. ನೆನಪಿಸಿಕೊಂಡಷ್ಟೂ ಆ ಹುಡುಗ ಬೇರೆ, ಬತ್ತಿ ಹಚ್ಚಿದವನು ಬೇರೆ ಅನ್ನಿಸಿತು. ಹಾದಿ ಒಂದು ಮಾರೂ ಕುಗ್ಗಲಿಲ್ಲ. ಆ ಯತ್ನ ಬಿಟ್ಟು ಬರೀ ನಡೆದೆ. ಮೂರನೆಯ ಹಗಲು ಮುಗಿಯುವ ಹೊತ್ತಿಗೆ ಕರಿ ಕಲ್ಲಿನ ಗೋಡೆ ಕಂಡಿತು. ಬಾಗಿಲು ಮುಚ್ಚಿದ್ದರು. ಹೊರಗಿನ ಕಟ್ಟೆಯ ಮೇಲೆ ಮಲಗಿದ್ದು, ಬೆಳಗಾದ ಮೇಲೆ ಒಳಗೆ ಹೋದೆ.

ಅಲ್ಲಿನ ಅಧಿಕಾರಿ ವಯಸ್ಸಾದವರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ಸಹಿ ಹಾಕಿಸಿಕೊಳ್ಳುವ ಮೊದಲು ಷರತ್ತು ಓದಿ ಹೇಳಿದರು. ಇವತ್ತಿಗೆ ಒಂದನೆಯ ದಿನ. ಐದನೆಯ ದಿನ ಬಾಗಿಲ ಕಂದೀಲು ಹಚ್ಚುವುದರೊಳಗೆ ಕೈದಿ ಇಲ್ಲಿರಬೇಕು. ತಡವಾದರೆ ದಿನಕ್ಕೊಂದು ವರ್ಷ ಅವನಿಗೆ ಹೆಚ್ಚುತ್ತದೆ, ಸಹಿ ಮಾಡಿದವರು ಒಂದು ತಿಂಗಳು ಒಳಗಿರಬೇಕು. ಆಮೇಲೆ ನನ್ನ ಪಾದ ನೋಡಿದರು. ಹಿಮ್ಮಡಿ ಒಡೆದು ರಕ್ತ ಒಣಗಿತ್ತು.

“ಎಷ್ಟ ದಿನ ಹಿಡೀತವ್ವ ನಿನಗ?”

ಮೂರು ಎಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, ಹಾಗಾದರೆ ನಾಳೆ ಸಂಜೆಯೇ ನೀನು ಊರು ಬಿಡಬೇಕು, ತಾಯಿಯ ಹತ್ತಿರ ಅವನಿಗೆ ಸಿಗುವುದು ಎರಡು ದಿನವೂ ಅಲ್ಲ ಎಂದರು. ಗೊತ್ತು ಎಂದೆ.

ದುಂಡಪ್ಪ ಬಂದ. ಮೂವತ್ತೈದರ ಹರೆಯದವನ ತಲೆ ಪೂರ್ತಿ ನರೆತಿತ್ತು. ಅವ್ವನನ್ನು ನಿರೀಕ್ಷಿಸಿ ಬಂದವನು ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ಅವ್ವ ಹೋದಳೇನು ಎಂದು ಕೇಳಿದ. ನಾನು ಬರುವಾಗ ಇದ್ದಳು, ನಡಿ ಎಂದೆ. ಊರ ಕಡೆಗಿನ ಹಾದಿ ಅರ್ಧ ತಾಸಲ್ಲವೇ, ಮಾತಾಡಬೇಕೆಂದರೂ ಹೊತ್ತಿರಲಿಲ್ಲ. ಹುಸೇನಬಿಯ ಅಂಗಡಿಯ ಮುಂದೆ ಹಾಯುವಾಗ ಬೆಂಚಿನ ಮೇಲೆ ಕುಳಿತವರೆಲ್ಲ ಎದ್ದು ನಿಂತರು. ಅವನಿಗೆ ಮರ್ಯಾದೆ ಕೊಟ್ಟು ಎದ್ದರೋ, ಅವನ ಎದುರು ಕೂರಲಾರದೆ ಎದ್ದರೋ, ತಿಳಿಯಲಿಲ್ಲ.

ಅವ್ವ ಇದ್ದಳು. ಮಗನನ್ನು ಕಂಡು ಅಳಲಿಲ್ಲ. ಅವನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು, ಅಷ್ಟೇ. ಮೂರು ದಿನದಿಂದ ನೀರೂ ಕುಡಿಯುತ್ತಿಲ್ಲ ಎಂದು ಪಾರವ್ವ ಹೇಳಿದ್ದಳು. ಆ ಸಂಜೆ ಅವನು ಗಂಜಿ ಕುಡಿಸಿದರೆ ಅರ್ಧ ಬಟ್ಟಲು ಕುಡಿದಳು. ಖಣಿಯಲ್ಲಿ ಸತ್ತ ಇನ್ನಿಬ್ಬರ ಮನೆಯವರು ಬಾಗಿಲ ಹೊರಗೆ ಬಂದು ನಿಂತು ನೋಡಿಕೊಂಡು ಹೋದರು. ನಾನು ಒಳಗಿನಿಂದ ಅವರನ್ನು ನೋಡಿದೆ. ನಾನೂ ಅವರ ಕೂಡ ಹೊರಗೆ ನಿಲ್ಲಬೇಕಾದವಳೇ ಎಂದುಕೊಂಡು ಅಡಿಗೆಮನೆಗೆ ಹೋದೆ.

ಎರಡನೆಯ ದಿನ ಸಂಜೆ ಬಂತು. ಹೊರಡಬೇಕಾದ ಹೊತ್ತು. ದುಂಡಪ್ಪ ತಾನಾಗಿಯೇ ಎದ್ದು ಅಂಗಿ ಕೊಡವಿಕೊಂಡ. ಅವ್ವನ ಕೈ ಅವನ ಕೈಯಲ್ಲಿಯೇ ಇತ್ತು. ಕಣ್ಣು ಮುಚ್ಚಿದ್ದಳು, ಹಿಡಿತ ಮಾತ್ರ ಸಡಿಲವಿರಲಿಲ್ಲ. ಅವನು ಒಂದೊಂದೇ ಬೆರಳು ಬಿಡಿಸತೊಡಗಿದ. ಎರಡು ಬೆರಳು ಬಿಡಿಸಿದ್ದನೋ ಏನೋ, ನಾನು ಬೇಡ ಎಂದೆ.

“ತಡಾ ಆದ್ರ ನೀ ಒಳಗ ಕುಂದ್ರಬೇಕಾಗ್ತದ ಅಕ್ಕಾ.”

“ಕುಂದ್ರತೀನಿ. ನಿನ್ನ ಸಲುವಾಗಿ ಅಲ್ಲ, ತಿಳೀತ? ಆಕಿ ಬಿಡೋತನ ನೀ ಬಿಡಿಸಬ್ಯಾಡ.”

ಪಾರವ್ವ ನನ್ನನ್ನು ಹಿತ್ತಲಿಗೆ ಕರೆದು, ನಿನಗೆ ಬುದ್ಧಿ ಇದೆಯೇನು, ಗಂಡನನ್ನು ಕೊಂದವನಿಗಾಗಿ ಜೈಲಿಗೆ ಹೋಗುತ್ತೀಯಾ ಎಂದು ಕೇಳಿದಳು. ಸಾಯುವವಳ ಕೈಯಿಂದ ಮಗನ ಕೈ ಕಿತ್ತುಕೊಂಡು ಆಮೇಲೆ ಆ ಮನೆಯಲ್ಲಿ ನಾನೊಬ್ಬಳೇ ಬದುಕಬೇಕಲ್ಲ, ಅದು ನನ್ನಿಂದ ಆಗುವ ಕೆಲಸವಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಮೂರು ದಿನದ ಹಾದಿಯಾದರೆ ಎರಡು ದಿನಕ್ಕೆ ಮುಟ್ಟಿಸುತ್ತೇನೆ, ನಿದ್ದೆ ಬಿಡುತ್ತೇನೆ, ಕೂರುವುದು ಬಿಡುತ್ತೇನೆ ಎಂದು ಅವಳಿಗೆ ಹೇಳಿದೆ. ಅವಳಿಗೆ ಹೇಳುತ್ತಲೇ ನನಗೂ ಹೇಳಿಕೊಂಡೆ.

ಮೂರನೆಯ ದಿನ ಬೆಳಕು ಹರಿಯುವಾಗ ಅವ್ವ ತಾನೇ ಕೈ ಬಿಟ್ಟಳು. ದುಂಡಪ್ಪ ಹೊರಗೆ ಬಂದು ಹೋದಳು ಎಂದ. ಹನ್ನೊಂದರ ಸುಮಾರಿಗೆ ಮಣ್ಣು ಮಾಡಿದೆವು. ಕುಣಿ ತೋಡುವವರು ಸಾಲದೆ ಅವನೇ ಇಳಿದು ತೋಡಿದ. ಅವನಷ್ಟು ಚೊಕ್ಕವಾಗಿ ಕಲ್ಲುಮಣ್ಣು ಅಗೆಯುವವರು ನಮ್ಮೂರಲ್ಲಿ ಈಗಲೂ ಕಡಿಮೆ. ಮನೆಗೆ ಬಂದು ಮಿಂದು, ಪಾರವ್ವ ಕೊಟ್ಟ ಅನ್ನ ಉಂಡು, ಬಿಸಿಲು ನೆತ್ತಿಯಿಂದ ಒಂದು ತುಸು ಸರಿದಾಗ ಹೊರಟೆವು. ನಾನು ಮುಂದೆ, ಅವನು ಹಿಂದೆ. ಸಹಿ ಮಾಡಿದವಳು ನಾನು, ಹಾದಿ ನನ್ನದು.

ಆ ಸಂಜೆ, ಆ ಇರುಳು, ಮರುದಿನ ಮುಂಜಾನೆ ಎಡೆಬಿಡದೆ ನಡೆದೆವು. ಅವ್ವ ಸತ್ತ ದುಃಖಕ್ಕೆ ಹೊತ್ತಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಒಂದು ಫರ್ಸಿಯ ನೆರಳು ಸಿಕ್ಕಿತು. ನೀರು ಕುಡಿದು ಹೊರಡೋಣವೆಂದು ನಿಂತೆವು. ಅವನು ಹರವಿಯಿಂದ ನೀರು ಬಗ್ಗಿಸಿ ಮೊದಲು ನನಗೆ ಕೊಟ್ಟ. ಕುಡಿದು ತಂಬಿಗೆ ಅವನ ಕೈಗೆ ಕೊಡುವಾಗ ಎಂಟು ವರ್ಷದ, ಅಲ್ಲ, ಆಗಿನ್ನೂ ಆರು ವರ್ಷದ ಪ್ರಶ್ನೆ ತಾನಾಗಿ ಹೊರಗೆ ಬಿತ್ತು.

“ದುಂಡೂ, ಅವತ್ತ ಯಾಕ ಹಚ್ಚಿದಿ?”

ಅವನು ತಂಬಿಗೆ ಕೆಳಗಿಟ್ಟ.

“ಕಾರಣ ಏನೂ ಇಲ್ಲಕ್ಕಾ. ಎಲ್ಲಾರೂ ಮ್ಯಾಲ ಬಂದಾರಂತ ತಿಳಕೊಂಡೆ. ಎಣಸಬೇಕಿತ್ತು, ಎಣಸಲಿಲ್ಲ. ಬಿಸಲಿತ್ತು, ಲಗೂ ಮುಗಿಸಿ ಉಣ್ಣಬೇಕಂತಿದ್ದೆ. ಅಷ್ಟ.”

ನಾನು ಆ ನೆರಳಲ್ಲೇ ಕುಳಿತೆ. ಆರು ವರ್ಷದಲ್ಲಿ ನಾನು ಎಷ್ಟು ಕಾರಣಗಳನ್ನು ಕಟ್ಟಿದ್ದೆನೋ ಲೆಕ್ಕವಿಲ್ಲ. ಖಣಿಯ ಮಾಲೀಕ ಅವಸರ ಮಾಡಿರಬೇಕು, ನನ್ನ ಗಂಡನಿಗೂ ಅವನಿಗೂ ನನಗೆ ತಿಳಿಯದ ಹಗೆ ಇದ್ದಿರಬೇಕು, ಇವನು ಯಾರನ್ನೋ ಉಳಿಸಲಿಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ಒಂದೊಂದು ಕಾರಣಕ್ಕೂ ಒಂದೊಂದು ಮಾತು ತಯಾರಿತ್ತು. ಇದಕ್ಕೆ ಮಾತಿರಲಿಲ್ಲ. ಹಸಿವೆಯಾಗಿತ್ತಂತೆ. ಎಣಿಸಲಿಲ್ಲವಂತೆ. ಮೂವರು.

“ಕುಡದಿದ್ದೆ ಅಂತನಾದ್ರೂ ಅನ್ನು,” ಎಂದೆ.

“ಕುಡದಿರಲಿಲ್ಲ,” ಅಂದ. “ಕಾರಣ ಇದ್ದಿದ್ರ ಕೋರ್ಟಿನ್ಯಾಗ ಹೇಳತಿದ್ನಲ್ಲ.”

ಮುಂದಿನ ಹಾದಿ ನನ್ನ ಕಣ್ಣೆದುರಿಗೇ ಉದ್ದವಾಗುತ್ತಿದ್ದಂತೆ ತೋರಿತು. ಬಿಳಿ ಮಣ್ಣು, ಅದರಾಚೆ ಬಿಳಿ ಮಣ್ಣು, ಗೋಡೆಯ ಸುಳಿವಿಲ್ಲ. ಅವನು ನನ್ನ ಮುಂದೆ ಬಂದು ಕುಳಿತು, ನೀನು ಇಲ್ಲಿಂದಲೇ ಹೊರಳಿ ಮನೆಗೆ ಹೋಗು, ನಾನೊಬ್ಬನೇ ಹೋಗಿ ನಿಂತುಕೊಳ್ಳುತ್ತೇನೆ, ಎಷ್ಟು ವರ್ಷ ಹೆಚ್ಚಿಸಿದರೂ ಇರುತ್ತೇನೆ ಎಂದ. ಅವನು ಹಾಗೆಂದದ್ದೇ ನನ್ನ ಮೈಯೆಲ್ಲ ಉರಿದುಹೋಯಿತು. ಇರುವುದು ಇವನಿಗೆ ಸುಲಭ. ನಡೆಯುವವಳು ನಾನು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.

“ನಡಿ. ಸಿಟ್ಟ ಕುಂತ ಮಾಡಂಗಿಲ್ಲ ನಾ. ನಡಕೋತನ ಮಾಡ್ತೀನಿ.”

ಆಮೇಲೆ ಹೇಗೆ ನಡೆದೆನೋ ನನಗೆ ಪೂರ್ತಿ ನೆನಪಿಲ್ಲ. ಹಾದಿಯುದ್ದಕ್ಕೂ ಅವನನ್ನು ಬೈದೆ. ಗಂಡನಿಲ್ಲದ ಮನೆಯಲ್ಲಿ ಆರು ವರ್ಷ ಹೇಗೆ ಕಳೆದೆ ಎಂದು ಹೇಳಿದೆ. ಪಾಲಿಶ್ ಮಷಿನ್ನಿನ ಧೂಳು ತಿಂದು ಕೆಮ್ಮಿದ್ದು, ಊರ ಮದುವೆಗಳಲ್ಲಿ ಹಿಂದೆ ನಿಂತಿದ್ದು, ತಮ್ಮ ಮಾಡಿದ ಕೆಲಸಕ್ಕೆ ಅಕ್ಕನ ಮುಖವನ್ನು ಜನ ನೋಡುತ್ತಿದ್ದ ಬಗೆ, ಯಾವುದನ್ನೂ ಬಿಡಲಿಲ್ಲ. ಮಾತು ಮುಗಿದಲ್ಲಿ ಅತ್ತೆ, ಅಳು ಮುಗಿದಲ್ಲಿ ಮತ್ತೆ ಬೈದೆ. ಕಾಲು ಮಾತ್ರ ನಿಲ್ಲಿಸಲಿಲ್ಲ. ಅವನು ಹಿಂದಿನಿಂದ ಬರುತ್ತಿದ್ದ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ, ಇಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ಒಂದೆಡೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಅವನು ತನ್ನದನ್ನು ಬಿಚ್ಚಿ ನನ್ನ ಕಾಲ ಬಳಿ ಇಟ್ಟ. ದೊಡ್ಡವಾಗುತ್ತಿದ್ದವು. ಹಾಕಿಕೊಂಡು ನಡೆದೆ.

ಐದನೆಯ ದಿನ ಸೂರ್ಯ ಇಳಿಯುತ್ತಿದ್ದಾಗ ಗೋಡೆ ಕಂಡಿತು. ಕಂಡಿತು ಅಷ್ಟೇ, ಇನ್ನೂ ಬಹಳ ದೂರವಿತ್ತು. ಬಾಗಿಲ ಬಳಿ ಪಹರೆಯವನು ಕಂದೀಲು ಕೆಳಗಿಳಿಸಿಕೊಂಡು ಕುಳಿತಿದ್ದ. ಅವನು ನಮ್ಮನ್ನು ನೋಡಿದ. ನೋಡಿ ಮಡಿಲಿನ ಬಟ್ಟೆ ತೆಗೆದು ಕಂದೀಲಿನ ಗಾಜು ಒರೆಸತೊಡಗಿದ. ನಾವು ಓಡುವುದಕ್ಕೂ ಆಗದೆ ನಡೆಯುವುದಕ್ಕೂ ಆಗದೆ ಬರುತ್ತಿದ್ದೆವು. ಅವನು ಒಂದು ಮಗ್ಗುಲು ಒರೆಸಿ ಬೆಳಕಿಗೆ ಹಿಡಿದು ನೋಡಿದ, ಇನ್ನೊಂದು ಮಗ್ಗುಲು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ದುಂಡಪ್ಪನ ಕಾಲು ಹೊಸಿಲು ದಾಟಿದ ಮೇಲೆ ಕಡ್ಡಿ ಗೀರಿ ಬತ್ತಿ ಹಚ್ಚಿದ. ನಮ್ಮ ಕಡೆ ನೋಡಲೂ ಇಲ್ಲ.

ಗುಮಾಸ್ತ ನನ್ನ ಸಹಿಯ ಎದುರು ಗೆರೆ ಎಳೆದು, ಇನ್ನು ನೀನು ಹೋಗಬಹುದು ಎಂದ. ದುಂಡಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನ ಬರಿಗಾಲಿನಿಂದ ಫರ್ಸಿಯ ಮೇಲೆಲ್ಲ ಕೆಂಪು ಮೂಡಿತ್ತು. ಅವನ ಚಪ್ಪಲಿ ಬಿಚ್ಚಿ ಅವನ ಮುಂದಿಟ್ಟೆ. ಹೊರಟುಬಿಡಬೇಕೆಂದೇ ಇದ್ದೆ. ಹೊರಟಿದ್ದರೆ ಅರ್ಧ ತಾಸಿಗೆ ಖಾಲಿ ಮನೆ ಸೇರುತ್ತಿದ್ದೆ. ಆಗ ಒಂದು ವಿಚಾರ ಹೊಳೆಯಿತು. ಶಂಕ್ರೆಪ್ಪ ಹೋದ ದಿನ ನನ್ನದು ನಸುಕಿನ ಪಾಳಿಯಿತ್ತು. ಅವರು ಇನ್ನೂ ಮಲಗಿದ್ದಾಗಲೇ ನಾನು ಶೆಡ್ಡಿಗೆ ಹೋಗಿದ್ದೆ. ಅವರು ಎದ್ದದ್ದು ಯಾವಾಗ, ಆಡಿದ ಮಾತು ಯಾವುದು, ಏನೊಂದೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ಮನೆಗೆ ಬಂದು ಅವರನ್ನು ಎಬ್ಬಿಸಿದವನು ದುಂಡಪ್ಪ. ಇಬ್ಬರೂ ಒಟ್ಟಿಗೆ ಖಣಿಗೆ ಹೋಗಿದ್ದರು. ಅವರ ಕೊನೆಯ ಹೊತ್ತು ಎಲ್ಲ ಈ ಒಬ್ಬನ ಹತ್ತಿರ ಇತ್ತು.

“ಮುಂದಿನ ತಿಂಗಳ ಬರ್ತೀನಿ,” ಎಂದೆ. “ಅವತ್ತ ಮುಂಜಾನಿಂದ ಅವರು ಏನಂದ್ರು, ಏನ ತಿಂದ್ರು, ಯಾರ ಕೂಡ ನಕ್ರು, ಎಲ್ಲಾ ನೆನಪ ಮಾಡಿ ಇಟ್ಟಿರು. ಒಂದೂ ಬಿಡಬಾರದು. ನನಗ ಸುಳ್ಳ ಬ್ಯಾಡ, ಚಂದ ಮಾಡೂದೂ ಬ್ಯಾಡ.”

ಅವನು ತಲೆಯಾಡಿಸಿದ. ನಾನು ತಿರುಗಿ ನೋಡದೆ ಬಂದೆ.

ಅದಾಗಿ ಎರಡು ವರ್ಷವಾಯಿತು. ತಿಂಗಳಿಗೊಮ್ಮೆ ಸೋಮವಾರದ ಭೇಟಿಗೆ ಶನಿವಾರವೇ ಹೊರಡುತ್ತೇನೆ. ಹಾದಿ ಕೆಲವು ಸಲ ಒಂದೂವರೆ ದಿನ, ಕೆಲವು ಸಲ ಎರಡು. ನನ್ನ ಕಾಲು ನೋಡಿ, ಒಮ್ಮೆ ಅವನನ್ನು ಕ್ಷಮಿಸಿಬಿಡು ಕಾಶವ್ವ, ಹಗುರಾಗುತ್ತದೆ ಎಂದು ಜನ ಬುದ್ಧಿ ಹೇಳುತ್ತಾರೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಕಾಲು ಗಟ್ಟಿ ಇವೆ.

ದುಂಡಪ್ಪ ಅವಸರ ಮಾಡದೆ ಹೇಳುತ್ತಾನೆ. ಒಂದು ಸಲಕ್ಕೆ ಹತ್ತು ನಿಮಿಷದ ಸಂಗತಿ ಹೇಳಿದರೆ ಹೆಚ್ಚು. ತಪ್ಪಿ ಹೇಳಿದ್ದು ನೆನಪಾದರೆ ಮುಂದಿನ ತಿಂಗಳು ತಿದ್ದುತ್ತಾನೆ. ನಾಲ್ಕು ತಿಂಗಳು ಅವರು ಹಾಸಿಗೆಯಿಂದ ಎದ್ದು ಮುಖ ತೊಳೆದು ನಾನು ಮುಚ್ಚಿಟ್ಟಿದ್ದ ರೊಟ್ಟಿ ಹುಡುಕಿದ್ದರಲ್ಲೇ ಹೋಯಿತು. ನಾನು ಉಪ್ಪು ಮರೆತಿದ್ದೆನಂತೆ, ಅದಕ್ಕೆ ನಕ್ಕರಂತೆ. ಕಳೆದ ತಿಂಗಳು ಹೇಳಿದ್ದು ಒಂಬತ್ತು ಗಂಟೆಯದು. ಅವರು ಬೇವಿನ ನೆರಳಲ್ಲಿ ಕುಳಿತು ಚಹಾ ಕುಡಿದು, ಬಟ್ಟಲಿನ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ತಿಂದರಂತೆ. ಬತ್ತಿ ಹಚ್ಚಿದ್ದು ಹನ್ನೆರಡಕ್ಕೆ. ಇನ್ನೂ ಮೂರು ತಾಸು ಉಳಿದಿದೆ. ನಾಳೆ ಶನಿವಾರ, ಹೊರಡುತ್ತೇನೆ.